ಡಾಕ್ಟರಿಗೆ ನಿಜ ಹೇಳಿದ ಸಂಘಮಿತ್ರ

ಹೊಗೆಸೊಪ್ಪಿನ ಕೆಲಸದ ದಿನಗಳಲ್ಲಿ ಬಿಳಿಕೆರೆಯ ತಿಮ್ಮಯ್ಯನ ಮನೆಯಲ್ಲಿ ಎಲ್ಲರಿಗೂ ಸೊಂಟ ನೋವು. ಅಂಗಡಿಯಿಂದ ಮಾತ್ರೆ ತರಿಸುವುದು, ಯಾವ ಮಾತ್ರೆ ಎಂದು ಕೇಳದೆ ನುಂಗುವುದು. ನಮ್ಮ ಕಡೆ ಇದು ಯಾವ ಮನೆಯಲ್ಲಿಲ್ಲ ಹೇಳಿ? ಆ ಮನೆಯ ಮಗಳು ಅನುಶ್ರೀಗೂ ಮಾತ್ರೆ ಎಂದರೆ ಭಯವಿರಲಿಲ್ಲ.

ಅನುಶ್ರೀ ಹುಣಸೂರಿನ ಬ್ಯೂಟಿಪಾರ್ಲರ್‌ನಲ್ಲಿ ಮದುಮಕ್ಕಳಿಗೆ ಅಲಂಕಾರ ಮಾಡುತ್ತಾಳೆ. ಅವಳ ಜೊತೆ ಕೆಲಸ ಮಾಡುವವಳು ಕಟ್ಟೆಮಳಲವಾಡಿಯ ಸಂಘಮಿತ್ರ. ಒಂದು ಭಾನುವಾರ ಪರಿಚಯದ ಹುಡುಗಿಯ ಹುಟ್ಟುಹಬ್ಬಕ್ಕೆಂದು ಇಬ್ಬರೂ ಎಚ್.ಡಿ. ಕೋಟೆ ಕಡೆಯ ಒಂದು ಹೋಂಸ್ಟೇಗೆ ಹೋದರು. ನೆತ್ತಿಯ ಮೇಲೆ ಬಿಸಿಲು, ಜೋರಾಗಿ ಡಿಜೆ. ಕುಣಿಯುತ್ತಿದ್ದವರ ನಡುವೆ ಒಬ್ಬ ಹುಡುಗ ಗುಲಾಬಿ ಬಣ್ಣದ ಮಾತ್ರೆ ಹಂಚುತ್ತಾ ಬಂದ.

"ಎಣ್ಣೆ ಥರ ವಾಸ್ನೆ ಬರಲ್ಲ, ಸುಸ್ತೂ ಆಗಲ್ಲ. ಹೋದ್ವಾರ ನಾನೇ ತಗಂಡಿದ್ದೆ, ಏನೂ ಆಗ್ಲಿಲ್ಲ," ಎಂದ.

"ಬ್ಯಾಡ ಕಣೇ ಅನು. ಎಲ್ಲಿ ಮಾಡಿದ್ದೋ, ಯಾರ್ ಮಾಡಿದ್ದೋ," ಎಂದಳು ಸಂಘಮಿತ್ರ.

"ಒಂದ್ ಮಾತ್ರೆಗೆ ಏನಾಯ್ತದೆ ಬುಡು," ಎಂದು ಅನುಶ್ರೀ ನುಂಗಿಯೇಬಿಟ್ಟಳು.

ಸ್ವಲ್ಪ ಹೊತ್ತು ಚೆನ್ನಾಗಿಯೇ ಕುಣಿದಳು. ಆಮೇಲೆ ದವಡೆ ಕಚ್ಚಿಕೊಂಡಿತು. ಮೈ ಕೆಂಡದ ಹಾಗೆ ಸುಡತೊಡಗಿತು. ಏನೇನೋ ಬಡಬಡಿಸುತ್ತಾ ಕುಸಿದು ಬಿದ್ದಳು.

"ರೂಮಲ್ಲಿ ಮಲಗ್ಸಿ, ಸರಿ ಹೋಗ್ತಾಳೆ. ಆಸ್ಪತ್ರೆಗೆ ಹೋದ್ರೆ ಪೊಲೀಸ್ನೋರು ಬತ್ತಾರೆ," ಎಂದು ಹೇಳಿ ಆ ಹುಡುಗ ಬೈಕ್ ಹತ್ತಿ ಹೋದ.

ಸಂಘಮಿತ್ರ 108ಕ್ಕೆ ಫೋನ್ ಮಾಡಿದಳು. ಅವರು ಹೇಳಿದಂತೆ ಗೆಳತಿಯನ್ನು ನೆರಳಿಗೆ ತಂದು ಮಗ್ಗುಲಾಗಿ ಮಲಗಿಸಿದಳು. ಎಚ್ಚರ ತಪ್ಪಿದವರಿಗೆ ನೀರು ಕುಡಿಸಬಾರದು ಎಂದಿದ್ದರು. ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಪಕ್ಕದಲ್ಲೇ ಕೂತಳು. ಕೆಳಗೆ ಬಿದ್ದಿದ್ದ ಒಂದು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು.

ಆಂಬುಲೆನ್ಸ್‌ನಿಂದ ಅನುಶ್ರೀಯ ಮನೆಗೆ ಫೋನ್ ಮಾಡಿ ಆದದ್ದೆಲ್ಲ ತಿಳಿಸಿದಳು. ಫೋನ್ ಎತ್ತಿದ್ದವನು ತಿಮ್ಮಯ್ಯ.

"ಬಿಸ್ಲು ಒಡೀತು ಅಂತ ಏಳವ್ವ. ಮಾತ್ರೆ ಗೀತ್ರೆ ಅಂತ ಬಾಯ್ ಬುಟ್ಟೀಯ. ಮದ್ವೆ ಆಗ್ಬೇಕಾದ ಮಗಳು."

ಆದರೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ಏನು ತಗೊಂಡಿದ್ದಾಳೆ?" ಎಂದು ಕೇಳಿದಾಗ ಸಂಘಮಿತ್ರ ಕಾಗದ ಬಿಚ್ಚಿ ಆ ಮಾತ್ರೆಯನ್ನು ಅವರ ಕೈಗೆ ಕೊಟ್ಟಳು. ಎಲ್ಲವನ್ನೂ ಹೇಳಿದಳು.

ತಿಮ್ಮಯ್ಯನೂ ಹೆಂಡತಿ ಜಯಲಕ್ಷ್ಮಮ್ಮನೂ ಬರುವಷ್ಟರಲ್ಲಿ ಚಿಕಿತ್ಸೆ ನಡೆದಿತ್ತು. ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿದ್ದು ತಿಳಿದು ತಿಮ್ಮಯ್ಯ ಸಂಘಮಿತ್ರಳ ಮೇಲೆ ಸಿಡಿದ. "ಅಷ್ಟ್ ಏಳುದ್ರೂ ನಮ್ ಮನೆ ಮರ್ಯಾದೆ ತಗ್ದಲ್ಲ ನೀನು."

ಡಾಕ್ಟರಮ್ಮ ಹೊರಗೆ ಬಂದರು. "ಅವಳನ್ನ ಬೈಬೇಡಿ. ಬರೀ ಬಿಸಿಲು ಅಂದಿದ್ರೆ ನಾವು ಬೇರೆ ದಾರಿ ಹಿಡೀತಿದ್ವಿ, ಹೊತ್ತು ಮೀರ್ತಿತ್ತು. ಇವಳು ನಿಜ ಹೇಳಿದ್ದಕ್ಕೆ ನಿಮ್ಮ ಮಗಳು ಉಳ್ಕೊಂಡಿದ್ದಾಳೆ."

"ಒಂದೇ ಒಂದ್ ಮಾತ್ರೆಗೆ ಇಂಗಾಯ್ತದಾ ಡಾಕ್ಟ್ರೇ? ಕೊಟ್ಟೋನೂ ನುಂಗಿದ್ನಂತಲ್ಲ," ಎಂದ ತಿಮ್ಮಯ್ಯ.

"ಕಂಪನಿ ಔಷಧಿಗೆ ಅಳತೆ ಇರುತ್ತೆ, ಪರೀಕ್ಷೆ ಇರುತ್ತೆ. ಇದನ್ನ ಎಲ್ಲೋ ಶೆಡ್ಡಲ್ಲಿ ಕದ್ದು ಕಲಸ್ತಾರೆ. ಒಂದರಲ್ಲಿ ಚೂರು, ಪಕ್ಕದ್ದರಲ್ಲಿ ಮೂರು ಪಟ್ಟು. ಹೇಳೋ ಹೆಸರೇ ಬೇರೆ, ಒಳಗಿರೋದೇ ಬೇರೆ. ಕಲಬೆರಕೆ ಇಲ್ದೇ ಇದ್ರೂ ಇದು ಅಪಾಯವೇ. ಬೆರೆಸಿದ್ರಂತೂ ಏನು ಬೆರೆಸಿದ್ದಾರೆ ಅಂತ ಮಾರೋನಿಗೂ ಗೊತ್ತಿರಲ್ಲ. ಅವನಿಗೆ ಏನೂ ಆಗಲಿಲ್ಲ ಅಂತ ಇವಳಿಗೆ ಆಗಲ್ಲ ಅನ್ನೋಕಾಗುತ್ತಾ?"

ತಿಮ್ಮಯ್ಯ ತಲೆ ತಗ್ಗಿಸಿದ. ಜಯಲಕ್ಷ್ಮಮ್ಮ ಸಂಘಮಿತ್ರಳ ಎರಡೂ ಕೈ ಹಿಡಿದು ಅತ್ತಳು.

ಅನುಶ್ರೀ ಚೇತರಿಸಿಕೊಂಡು ಮನೆಗೆ ಬಂದಳು. ಒಂದು ದಿನ ಅಪ್ಪ, ಅಮ್ಮ, ಮಗಳು ಮೂವರೂ ಕಟ್ಟೆಮಳಲವಾಡಿಯ ಬಸ್ ಹತ್ತಿದರು. ಸಂಘಮಿತ್ರಳ ಬೀದಿಗೆ ತಿಮ್ಮಯ್ಯ ಕಾಲಿಟ್ಟದ್ದು ಅದೇ ಮೊದಲು. ಬೇರೆ ಜಾತಿಯವರು ತಮ್ಮ ಮನೆಯೊಳಗೆ ಬರಲಾರರೆಂದು ಅವಳ ತಾಯಿ ಚಿಕ್ಕಸಿದ್ದಮ್ಮ ಜಗಲಿಯ ಮೇಲೆ ಚಾಪೆ ಹಾಸಲು ಹೋದಳು.

"ಇಲ್ಲಿ ಯಾಕವ್ವ, ಒಳಕ್ಕೇ ಬತ್ತೀವಿ," ಎಂದ ತಿಮ್ಮಯ್ಯ. ಒಳಗೆ ಕೂತು ಮುದ್ದೆ, ಹುರುಳಿಸಾರು ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡ. ಉಂಡು ಕೈ ತೊಳೆದ ಮೇಲೆ ಹೇಳಿದ: "ನೀನು ನನ್ ಮಾತ್ ಕೇಳ್ದೆ ಇದ್ದಿದ್ದೇ ಒಳ್ಳೇದಾಯ್ತು ಕಣ್ ಮಗಳೇ. ಕೇಳಿದ್ರೆ ಇವತ್ತು ನನ್ ಕೂಸು ಇರ್ತಿರ್ಲಿಲ್ಲ."

"ಅನುಗೆ ಮಾತಾಡಕ್ಕೆ ಆಯ್ತಿರ್ಲಿಲ್ಲ. ಅವಳ ಬದ್ಲು ನಾನ್ ಹೇಳ್ದೆ, ಅಷ್ಟೇ," ಎಂದಳು ಸಂಘಮಿತ್ರ.

ಈಗ ಅನುಶ್ರೀ ಊರಿನ ಸ್ವಸಹಾಯ ಸಂಘದ ಸಭೆಗಳಲ್ಲಿ ತಾನೇ ಎದ್ದು ನಿಂತು ಇದನ್ನೆಲ್ಲ ಹೇಳುತ್ತಾಳೆ. ತಿಮ್ಮಯ್ಯ ತಡೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಾನೆ.

ಹುಡುಗ ಹುಡುಗಿಯರೇ, ಪಾರ್ಟಿಯಲ್ಲಿ ಯಾರೇ ಕೊಟ್ಟರೂ ಅಂಥ ಮಾತ್ರೆ, ಪುಡಿ ಮುಟ್ಟಬೇಡಿ. ಯಾರಾದರೂ ಕುಸಿದರೆ ಬಿಟ್ಟು ಓಡಬೇಡಿ. 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ನಿಜ ಹೇಳಿ. ಚಟ ಬಿಡಲು ಸಹಾಯ ಬೇಕಿದ್ದರೆ 14446ಕ್ಕೆ ಕರೆ ಮಾಡಿ.

ಅಪ್ಪ ಅಮ್ಮಂದಿರೇ, ಇವತ್ತು ಊಟಕ್ಕೆ ಕೂತಾಗ ಮಕ್ಕಳಿಗೆ ಒಂದು ಮಾತು ಹೇಳಿಬಿಡಿ: "ಏನೇ ಆಗ್ಲಿ, ಮೊದ್ಲು ನಂಗೆ ಫೋನ್ ಮಾಡು. ಬೈಯಕಿಲ್ಲ, ಬತ್ತೀನಿ."