ದೇವಿ ಮುಖದ ಪಾಕೀಟು

ನಮ್ಮ ಮಾವ ನಾಗಣ್ಣನವರು ಅಫಜಲಪುರದಲ್ಲಿ 'ನೀಲಕಾಂತಿ' ಸೋಪಿನ ಪುಡಿ ಶುರು ಮಾಡಿದ್ದು ಸಿಟ್ಟಿನಿಂದ. ಇಲ್ಲಿಯ ಬೋರಿನ ಸವಳು ನೀರಿನಲ್ಲಿ ಯಾವ ಸೋಪೂ ನೊರೆ ಬಿಡುವುದಿಲ್ಲ, ಅತ್ತೆಯವರ ಗೊಣಗಾಟ ನಿಲ್ಲುವುದಿಲ್ಲ. ಮಾವ ಸೋಡಾ ಹೆಚ್ಚು ಹಾಕಿ, ಸಲಿಕೆಯಿಂದ ತಿರುವಿ, ಈ ನೀರಿಗೇ ಒಗ್ಗುವ ಪುಡಿ ಮಾಡಿದರು. ಅವರ ಕೈ ಚರ್ಮ ಸುಲಿಯಿತು, ಪುಡಿಗೆ ಹೆಸರು ಬಂತು. ಆಳಂದ, ಜೇವರ್ಗಿಯ ಅಂಗಡಿಗಳಲ್ಲೂ ನಮ್ಮ ನೀಲಿ ಪಾಕೀಟು ತೂಗಾಡುತ್ತಿತ್ತು.

ಆಮೇಲೆ ದೊಡ್ಡ ಕಂಪನಿಗಳ ಪುಡಿ ಟಿವಿಯಲ್ಲಿ ಕುಣಿಯುತ್ತಾ ಬಂತು. ಮಾವ ತೀರಿಕೊಂಡಾಗ ಶೆಡ್ಡಿನಲ್ಲಿ ಉಳಿದವರು ನಾನು, ನನ್ನ ಗಂಡ ಗುರುಶಾಂತ, ಪಾಕೀಟಿಗೆ ಸೀಲು ಹಾಕುವ ಮಲ್ಕಮ್ಮ. ಈ ವರ್ಷ ಮಾರಾಟ ಏಳದಿದ್ದರೆ ಬಾಗಿಲು ಹಾಕುವುದೇ ಎಂದು ಮೂವರಿಗೂ ಗೊತ್ತಿತ್ತು.

ನನ್ನ ಗಂಡನ ತಲೆ ಓಡುವುದು ಇಂಥ ಹೊತ್ತಿನಲ್ಲೇ. ಓಡಬಾರದಿತ್ತು. ಭೀಮಾ ಹೊಳೆಯ ದಂಡೆಯಲ್ಲಿ ಭಾಗ್ಯವಂತಿ ದೇವಿಯ ಗುಡಿಯಿರುವ ಘತ್ತರಗಿಗೆ ಹೋಗಿ ಬಂದವರೇ, "ವಿದ್ಯಾ, ಪಾಕೀಟಿನ ಮ್ಯಾಲ ಭಾಗ್ಯವಂತಿ ಚಿತ್ರ ಹಾಕ್ಸೋಣು. ಹೊಳಿ ಜಳಕಕ್ಕ ಬಂದ ಹೆಣ್ಮಕ್ಳೆಲ್ಲ ತಗೋತಾರ," ಎಂದರು.

"ಬಟ್ಟಿ ಪುಡಿ ಮ್ಯಾಲ ದೇವಿ ಯಾಕ್ರಿ?"

"ನಿನಗ ಯಾಪಾರ ತಿಳೀತದೇನು?"

ತಿಳಿಯುವುದಿಲ್ಲ. ಬಟ್ಟೆ ಒಗೆಯುವುದು ತಿಳಿಯುತ್ತದೆ, ಆದರೆ ಅದನ್ನು ಯಾರು ಕೇಳಬೇಕು. ವರ್ಷಕ್ಕಾಗುವಷ್ಟು ಪಾಕೀಟು ಸೊಲ್ಲಾಪುರದಲ್ಲಿ ಅಚ್ಚಾಗಿ ಬಂದವು. ಅಂಚಿನಿಂದ ಅಂಚಿನವರೆಗೂ ದೇವಿಯೇ, ನಿಜಕ್ಕೂ ಚೆಲುವೆ. ಮಲ್ಕಮ್ಮ ಚಪ್ಪಲಿ ಹೊರಗೆ ಬಿಟ್ಟು ಶೆಡ್ಡಿಗೆ ಬರತೊಡಗಿದಳು.

ಮೊದಲು ಫೋನು ಮಾಡಿದ್ದು ಆಳಂದದ ಅಂಗಡಿಯ ಜಗದೇವ.

"ಅಣ್ಣಾರ, ಮಾಲು ವಾಪಸ್ ಕಳಸಾಕತ್ತೇನ್ರಿ. ಹೆಣ್ಮಕ್ಳು ಕಣ್ಣಿಗಿ ಒತ್ಕೊಂಡು ಹಂಗೇ ಇಟ್ಟು ಹೋಗ್ತಾರ. ದೇವಿ ಮುಖಕ್ಕ ಕತ್ರಿ ಹ್ಯಾಂಗ ಹಚ್ಚೋದು, ಇದರಾಗ ಕೂಸಿನ ಚಡ್ಡಿ ಹ್ಯಾಂಗ ಒಗಿಯೋದು ಅಂತಾರ್ರಿ."

ಜೇವರ್ಗಿಯಿಂದಲೂ ಗಾಡಿ ತುಂಬಿ ಮರಳಿ ಬಂತು. ಪುಡಿ ಹೊರತೆಗೆದು ಸಾದಾ ಚೀಲಕ್ಕೆ ತುಂಬಿಸೋಣವೆಂದರೆ ಮಲ್ಕಮ್ಮ ಕೈಮುಗಿದು ನಿಂತಳು. "ಬಡವಿ ಅದೀನ್ರಿ ಅಣ್ಣಾ, ಈ ಪಾಪ ನನ್ ಕೈಲಿಂದ ಮಾಡಿಸ್ಬ್ಯಾಡ್ರಿ." ಮರುದಿನದಿಂದ ಅವಳು ಬರಲಿಲ್ಲ. ದೇವಿ ಮುಖದ ಪಾಕೀಟುಗಳನ್ನು ಸುಡುವಂತಿಲ್ಲ, ತಿಪ್ಪೆಗೆ ಹಾಕುವಂತಿಲ್ಲ. ಭೀಮೆಗೆ ಬಿಡೋಣವೆಂದರೆ ಅದೇ ನೀರಲ್ಲಿ ಜನ ಮುಳುಗಿ ಏಳುತ್ತಾರೆ.

ಒಂದು ಮುಂಜಾನೆ ಗಂಡ ತಮ್ಮ ಅಂಗಿ ತಂದು ನನ್ನ ಮುಂದಿಟ್ಟರು. "ನಮ್ಮ ಪುಡಿಲೇ ಒಗಿ. ಮನಿ ಮಂದಿನೇ ಹಿಂಜರದ್ರ ಹ್ಯಾಂಗ?"

ಕತ್ತರಿ ಹಿಡಿದೆ. ದೇವಿ ನೋಡುತ್ತಿದ್ದಳು. "ನನ್ನಿಂದ ಆಗಲ್ರಿ, ನೀವೇ ಕತ್ತರಿಸ್ರಿ," ಎಂದು ಅವರ ಕೈಗೆ ಕೊಟ್ಟೆ.

ಕತ್ತರಿಯನ್ನು ಕಿರೀಟದ ತುದಿಗೆ ತಂದರು. ಪಾದದ ಕಡೆ ತಿರುಗಿಸಿದರು. ಕೊನೆಗೆ ಪಾಕೀಟನ್ನು ಕಣ್ಣಿಗೆ ಒತ್ತಿಕೊಂಡು ಕೆಳಗಿಟ್ಟರು.

ನಾನು ಎದುರಿನ ಅಂಗಡಿಗೆ ಹೋಗಿ ಟಿವಿಯಲ್ಲಿ ಕುಣಿಯುವ ದೊಡ್ಡ ಕಂಪನಿಯ ಸಣ್ಣ ಪಾಕೀಟು ತಂದು ಹಲ್ಲಿನಿಂದ ಹರಿದೆ. ಬಕೀಟಿಗೆ ಸುರುವುವಾಗ ಅವರು ನೋಡುತ್ತಲೇ ಇದ್ದರು. ಬೈಯುತ್ತಾರೆಂದುಕೊಂಡೆ, ಬೈಯಲಿ ಎಂದೂ ಅನಿಸಿತು.

"ದೊಡ್ಡದೇ ತರ್ಬೇಕಿತ್ತು," ಎಂದರು. "ಇನ್ನ ದಿನಾ ಬೇಕಾಗ್ತದಲ್ಲ."