ಬಂಗುಡೆ ಬಿಟ್ಟವಳು

ಮಸುಯೊ ಬಂಗುಡೆ ಬಾಯಿಗಿಡದೆ ಮೂರು ವರ್ಷ ತುಂಬಲು ಇನ್ನು ಹನ್ನೊಂದೇ ದಿನ ಬಾಕಿಯಿತ್ತು. ಶಿಕೊಕುವಿನ ಆ ಕಡಲಂಚಿನಲ್ಲಿ, ಕೈಯಲ್ಲಿ ಬಂಗುಡೆ ಹಿಡಿದು ನಿಂತ ದಾಯಿಶಿ ಗುರುವಿನ ಗುಡಿಯಿದೆ. ಹಿಂದೆ ಹೇರುಕುದುರೆಯವನೊಬ್ಬ ಗುರು ಬೇಡಿದರೂ ಒಂದು ಉಪ್ಪುಬಂಗುಡೆ ಕೊಡದೆ ಹೋಗಿ, ಕುದುರೆ ನೆಲಕ್ಕುರುಳಿದ ಮೇಲೆ ಓಡಿಬಂದು ಕಾಲಿಗೆ ಬಿದ್ದನಂತೆ. ಮೂರು ವರ್ಷ ಬಂಗುಡೆ ಬಿಟ್ಟವರ ಒಂದು ಬೇಡಿಕೆ ಅಲ್ಲಿ ಈಡೇರುತ್ತದೆಂದು ಊರವರ ನಂಬಿಕೆ. ಹರಕೆ ಯಾರು ಬೇಕಾದರೂ ಹೊರಲಿ, ಬಂಗುಡೆ ಸುಶಿ ಮಾರಿ ಬದುಕುವವಳೇ ಹೊತ್ತರೆ ಹೇಗೆ?

"ಬಿಡೋಕೆ ನಿಂಗೆ ಬೇರೇನೂ ಸಿಗಲಿಲ್ವಾ? ಮೂಲಂಗಿ ಬಿಡಬಹುದಿತ್ತು," ಎಂದು ಗಂಡ ತಮೊತ್ಸು ಆಗಲೇ ರೇಗಿಸಿದ್ದ.

"ಗುರುಗಳ ಕೈಲಿ ಮೂಲಂಗಿ ಇಲ್ವಲ್ರೀ," ಎಂದಿದ್ದಳು.

ಬೇಡಿಕೊಂಡದ್ದು ಅವನ ನಾಲಿಗೆಗಾಗಿ. ಜ್ವರವೊಂದು ಬಂದು ಹೋಗುವಾಗ ಅವನ ರುಚಿಯನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಅಜ್ಜನ ಕಾಲದ ಅಂಗಡಿ. ಅನ್ನ ಅವಳದು, ಮೀನು ಅವನದು. ಉಪ್ಪು ಹಚ್ಚಿದ ಮೀನನ್ನು ಯುಜು ಎಂಬ ನಿಂಬೆಯ ರಸದಲ್ಲಿ ನೆನೆಸಿ, ತಲೆ ಬಾಲ ಸಮೇತ ಅದರ ಹೊಟ್ಟೆಗೆ ಅನ್ನ ತುಂಬಬೇಕು. ಈಗ ಅವನು ತಿಂದರೂ ತಿಳಿಯದು, ಅವಳು ತಿನ್ನುವಂತಿಲ್ಲ. ಕೈ ಅಳತೆಯನ್ನೇ ನಂಬಿ ಅಂಗಡಿ ನಡೆದಿತ್ತು. ಊರವರು ಮಾತ್ರ ಒಬ್ಬೊಬ್ಬರಾಗಿ 'ಡಾಕ್ಟ್ರು ಉಪ್ಪು ಬೇಡ ಅಂದಿದ್ದಾರೆ' ಎನ್ನತೊಡಗಿದ್ದರು. ಇಡೀ ಊರಿಗೆ ಒಟ್ಟಿಗೇ ರಕ್ತದೊತ್ತಡ ಬಂದದ್ದು ಹೇಗೆಂದು ಮಸುಯೊ ಯೋಚಿಸಿರಲಿಲ್ಲ.

ಅವಳು ನಂಬಿದ್ದು ಯಾತ್ರಿಕರನ್ನು. ಎಂಬತ್ತೆಂಟು ಗುಡಿ ಸುತ್ತುತ್ತ ಅಂಗಡಿಯ ಮುಂದೆ ಹಾದುಹೋಗುವ ಬಿಳಿಯಂಗಿಯವರಿಗೆ ಒಂದೊಂದು ತುಂಡು ಸುಶಿ ಕೊಡುವುದು ಆ ಮನೆಯ ವಾಡಿಕೆ. ಕೊಟ್ಟದ್ದನ್ನು ಯಾತ್ರಿಕ ಬೇಡ ಅನ್ನುವಂತಿಲ್ಲ. ತಿಂದು, ಕೈಮುಗಿದು, ತನ್ನ ಹೆಸರಿನ ಚೀಟಿ ಕೊಟ್ಟು ಹೋಗಬೇಕು. ಮೂರು ವರ್ಷವೂ ಎಲ್ಲರೂ 'ಬಹಳ ಚೆನ್ನಾಗಿದೆ' ಎಂದೇ ಹೇಳಿದ್ದರು.

ಆ ಬೆಳಿಗ್ಗೆ ಕಜಿತಾನಿ ಬಂದ. ಹತ್ತಾರು ಸುತ್ತು ಮುಗಿಸಿ ಕೆಂಪು ಚೀಟಿ ಹಂಚುವಷ್ಟು ಪಳಗಿದ ಮುದುಕ. ತಿಂದ. ನೀರು ಕೇಳಿದ. ಮತ್ತೂ ನೀರು ಕೇಳಿದ. "ಬಹಳ ಚೆನ್ನಾಗಿದೆ," ಎಂದು ಚೀಟಿ ಕೊಟ್ಟು ಹೊರಟ. ಮಸುಯೊಗೆ ಏನೋ ಕಸಿವಿಸಿಯಾಗಿ ಸೇತುವೆಯವರೆಗೂ ಹಿಂದೆ ಓಡಿದಳು. ಸೇತುವೆಯಡಿ ದಾಯಿಶಿ ಗುರು ಮಲಗಿರುತ್ತಾನೆಂಬ ಯಾತ್ರಿಕರ ನಂಬಿಕೆಯಂತೆ ಮುದುಕ ಊರುಗೋಲನ್ನು ಸದ್ದಾಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದ.

"ಯಾತ್ರಿಗಳೇ, ನಿಜ ಹೇಳಿ. ಮೀನು ಹೇಗಿತ್ತು?"

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಕಣಮ್ಮ."

"ಹಂಗಾದ್ರೆ ಈ ಪ್ರಶ್ನೆನೂ ದಾನ ಅಂದ್ಕೊಳ್ಳಿ. ಬೇಡ ಅನ್ನೋ ಹಾಗಿಲ್ಲ."

ಮುದುಕ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ. "ಹುಳಿ, ತಾಯಿ. ಎರಡು ವರ್ಷದಿಂದ ಹಲ್ಲು ಜುಮ್ಮೆನ್ನೋ ಹುಳಿ. ಆ ಅಂಗಡಿ ಬರೋ ಮುಂಚೆ ನೀರು ತುಂಬ್ಕೊಳ್ಳಿ ಅಂತ ದಾರೀಲಿ ಒಬ್ಬರಿಗೊಬ್ಬರು ಹೇಳ್ಕೋತೀವಿ. ನೀವು ಬಾಗಿಲಲ್ಲಿ ನಿಂತು ನಮ್ಮ ಮುಖನೇ ನೋಡ್ತಿರ್ತೀರಲ್ಲ, ಹೇಳೋಕೆ ಯಾರಿಗೂ ಮನಸ್ಸು ಬರಲ್ಲ."

ಅವಳು ನಾಚಿಕೆಯಿಂದ ಕುಗ್ಗಿ ಹಿಂದಿರುಗಿದಳು. ಹನ್ನೊಂದು ದಿನ ಕಾಯಬಹುದಿತ್ತು. ಆದರೆ ಅಷ್ಟರಲ್ಲಿ, ಬೇಡ ಅನ್ನಲಾಗದ ಇನ್ನೆಷ್ಟು ಬಾಯಿಗೆ ಅದನ್ನು ತುರುಕಬೇಕು? ಇನ್ನೊಬ್ಬರ ಮಾತು ಕೇಳಿಕೊಂಡು ಗಂಡನ ಕೈಗೆ ಹೆಸರಿಡುವುದು ಅವಳಿಂದಾಗದು. ತಾನೇ ತಿಂದರೆ, ಇಷ್ಟು ದಿನ ಬಾಯಿ ಕಟ್ಟಿ ಕಾದ ಹರಕೆಗೆ ಎಳ್ಳುನೀರು.

ಹಲಗೆಯ ಮೇಲಿದ್ದ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು.

"ಮಸುಯೊ! ಹನ್ನೊಂದೇ ದಿನ ಕಣೇ!" ತಮೊತ್ಸು ಚಾಕು ಬಿಟ್ಟು ಬಂದ.

ಅವಳು ಅಗಿದು ನುಂಗಿದಳು. ಹುಳಿಗೇ ಕಣ್ಣಲ್ಲಿ ನೀರು ಬಂತು.

"ಹುಳಿ ರೀ. ಮಾವನೋರು ಇದ್ದಿದ್ರೆ ಬೆಕ್ಕಿಗೆ ಹಾಕೋರು. ಬೆಕ್ಕೂ ತಿಂತಿರಲಿಲ್ಲ."

ತಮೊತ್ಸು ಬೋರಲು ಹಾಕಿದ್ದ ಮೀನಿನ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ.

"ಹುಳಿ ಜಾಸ್ತಿ ಹಾಕಿದ್ರೆ ಮಾತ್ರ ದವಡೆ ಹಿಂದೆ ಒಂಚೂರು ಚುಳ್ ಅಂತಿತ್ತು. ಹಾಗನ್ನಿಸೋವರೆಗೂ ಹಾಕ್ತಿದ್ದೆ," ಎಂದ. "ನಾಲಿಗೆ ವಾಪಸ್ ಬರ್ತಿದೆ ಅಂದ್ಕೊಂಡಿದ್ದೆ ಕಣೆ. ನಿನ್ನ ಹರಕೆ ಮುಗಿದ ದಿನ ಹೇಳೋಣ ಅಂತಿದ್ದೆ."

ಮಸುಯೊ ಹಲಗೆಗೆ ಒರಗಿ ಗಟ್ಟಿಯಾಗಿ ಅತ್ತಳು, ಅವನು ತಡೆಯಲಿಲ್ಲ.

ಆ ದಿನ ಯಾತ್ರಿಕರಿಗೆ ಸಿಕ್ಕಿದ್ದು ಬರೀ ಕಿತ್ತಳೆ. ಒಳಗೆ ಇಬ್ಬರೂ ಮೂರು ಮೀನುಗಳಿಗೆ ಮೂರು ಅಳತೆಯಲ್ಲಿ ರಸ ಹಾಕಿ, ನೆನೆಯಲು ಬಿಟ್ಟು, ಎದುರುಬದುರು ಕೂತು ಕಾದರು. ಮೊದಲನೆಯದನ್ನು ಕಡಿದು ಮಸುಯೊ ಮುಖ ಹಿಂಡಿದಳು. ಎರಡನೆಯದಕ್ಕೆ ಅಲ್ಲವೆಂದು ತಲೆಯಾಡಿಸಿದಳು. ಮೂರನೆಯದು ನಾಲಿಗೆಗೆ ತಾಗಿದಾಗ ಮದುವೆಯಾಗಿ ಬಂದ ವರ್ಷ ಮಾವ ಕೈಯಾರೆ ಕೊಟ್ಟ ತುಂಡು ನೆನಪಾಯಿತು.

"ಇದೇ ರೀ. ಇದೇ."

ತಮೊತ್ಸು ಅದೇ ಮೀನಿನಿಂದ ಒಂದು ತುಂಡು ಕತ್ತರಿಸಿ ಬಾಯಿಗಿಟ್ಟ. ದವಡೆಯ ಹಿಂದಕ್ಕೆ ತಳ್ಳಿ, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದ.

"ಏನೂ ಗೊತ್ತಾಗ್ತಿಲ್ಲ," ಎಂದ. "ಹಾಗಾದ್ರೆ ಸರಿಯಾಗಿದೆ."