ಎಡಕ್ಕೆ ತಿರುಗಬೇಕಾದ ಜಾಗ

ಅಪ್ಪನಿಗೆ ಕರಾಟೆ ಎಂದರೆ ಕಟಾ. ಎದುರಿಗೆ ಯಾರೂ ಇಲ್ಲದಿದ್ದರೂ ಇದ್ದಾರೆಂದುಕೊಂಡು, ಗೊತ್ತಾದ ಕ್ರಮದಲ್ಲಿ ತಡೆದು, ಹೊಡೆದು, ತಿರುಗಿ, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು. ಗಾಳಿಯ ಜೊತೆ ಜಗಳ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ನಡುವೆ ನಿಲ್ಲಿಸುವಂತಿಲ್ಲ, ಮಾಡುತ್ತಿರುವವರನ್ನು ಯಾರೂ ಕರೆಯುವಂತಿಲ್ಲ, ತಪ್ಪಿದರೆ ಮೊದಲಿನಿಂದ. ಇದು ಅಪ್ಪನ ಕಾನೂನು. ಹೆತ್ತ ಮಗಳೆಂದು ನನಗೇನೂ ರಿಯಾಯಿತಿ ಇರಲಿಲ್ಲ. ಜ್ವರ ಬಂದಾಗಲೂ ಬಿಟ್ಟವರಲ್ಲ, ಪುಣ್ಯಾತ್ಮ.

ಈಚೆಗೆ ಅವರಿಗೆ ಮರೆವು. ಕನ್ನಡಕ ಇಟ್ಟ ಜಾಗ, ಊಟ ಮಾಡಿದ್ದು, ಒಮ್ಮೊಮ್ಮೆ ನನ್ನ ಹೆಸರು. ಕಟಾ ಮಾತ್ರ ಮರೆಯುವುದಿಲ್ಲ ಎಂದು ಡಾಕ್ಟರ ಮುಂದೆಯೂ ಜಂಬ ಕೊಚ್ಚಿಕೊಂಡಿದ್ದೆ. ಅದೊಂದು ಉಳಿದರೆ ಅಪ್ಪ ಉಳಿದ ಹಾಗೆ ಎಂದು ನಂಬಿದ್ದೆ.

ಅಪ್ಪನ ಕರಾಟೆ ಶಾಲೆಯಲ್ಲಿ ಬೆಲ್ಟ್ ಪರೀಕ್ಷೆಯ ಬೆಳಿಗ್ಗೆ ಮಕ್ಕಳ ಹೆತ್ತವರು ಬೆಂಚಿನ ಮೇಲೆ ಕೂತಿದ್ದರು. ವಾಡಿಕೆಯಂತೆ ಅಪ್ಪ ಮೊದಲು ಕಟಾ ತೋರಿಸಲು ನಿಂತರು. ಆ ಕಟಾದಲ್ಲಿ ಒಂದೇ ಹೊಡೆತ ಎರಡು ಸಲ ಬರುತ್ತದೆ. ಮೊದಲ ಸಲ ಹೊಡೆದು ಬಲಕ್ಕೆ ತಿರುಗಿ ಮುಂದುವರಿಯಬೇಕು, ಎರಡನೆಯ ಸಲ ಎಡಕ್ಕೆ ತಿರುಗಿ ಮುಗಿಸಬೇಕು. ಅಪ್ಪ ಎರಡನೆಯ ಸಲವೂ ಬಲಕ್ಕೇ ತಿರುಗಿದರು. ಮತ್ತೆ ಅದೇ ದಾರಿ, ಅದೇ ಹೊಡೆತ, ಮತ್ತೆ ಬಲಕ್ಕೆ.

ಬೆವರಿಗೆ ಅವರ ಅಂಗಿ ಬೆನ್ನಿಗೆ ಅಂಟಿತು. ಹೊಡೆತದ ಜೊತೆ ಹಾಕುವ ಕೂಗು ಕ್ಷೀಣಿಸಿತು. ಆದರೂ ಕೈ ಕೂದಲೆಳೆಯಷ್ಟೂ ವಾಲಲಿಲ್ಲ.

"ಸರ್ ಬೇಕಂತಾನೇ ಮಾಡ್ತಿದಾರಾ?" ಒಬ್ಬ ತಾಯಿ ಪಿಸುಗುಟ್ಟಿದರು.

"ಹೂಂ, ದಮ್ಮು ಎಷ್ಟಿದೆ ಅಂತ ತೋರಿಸ್ತಿದಾರೆ," ಎಂದು ಹಲ್ಲು ಕಿರಿದೆ.

ಕರೆದರೆ ಎಲ್ಲರೆದುರು ಅವರ ಮರ್ಯಾದೆ ಹೋಗುತ್ತದೆ. ಬಿಟ್ಟರೆ ಉಸಿರು ಕಟ್ಟಿ ಬೀಳುತ್ತಾರೆ. ಕೊನೆಗೆ ನಾನೇ ಚಾಪೆಗೆ ಇಳಿದೆ. ಅವರ ಪಕ್ಕದಲ್ಲೇ ಹೆಜ್ಜೆಗೆ ಹೆಜ್ಜೆ ಸೇರಿಸಿದೆ. ಆ ಜಾಗ ಬಂದಾಗ ಎಡಕ್ಕೆ ತಿರುಗಿದೆ, ನನ್ನನ್ನು ನೋಡಿಯಾದರೂ ತಿರುಗಲಿ ಎಂದು.

ಅಪ್ಪ ನಿಂತರು. ಏದುಸಿರು ಬಿಡುತ್ತ ನನ್ನತ್ತ ನೋಡಿದರು. ಕಣ್ಣಲ್ಲಿ ಅದೇ ಹಳೆಯ ಮೇಷ್ಟರ ಸಿಟ್ಟು.

"ಎಡಕ್ಕ್ಯಾಕೆ ತಿರುಗ್ದೆ? ಇಷ್ಟು ವರ್ಷ ಕಲಿತಿದ್ದು ಇದೇನಾ? ತಪ್ಪಿದ್ರೆ ಏನ್ ಮಾಡ್ಬೇಕು?"

"ಮೊದಲಿಂದ ಮಾಡ್ಬೇಕಪ್ಪಾ."

"ಮತ್ತೆ ಮುಖ ಏನ್ ನೋಡ್ತೀಯ? ಬಾ, ನಾನೂ ಜೊತೆಗೆ ಮಾಡ್ತೀನಿ."

ಇಬ್ಬರೂ ಹೊರಟ ಜಾಗಕ್ಕೆ ಬಂದು, ತಲೆ ಬಾಗಿಸಿ, ಶುರುಮಾಡಿದೆವು. ಆ ಜಾಗ ಮತ್ತೆ ಬಂತು. ನಾನು ಬಲಕ್ಕೆ ತಿರುಗಿದೆ.

"ಹಾಂ, ಈಗ ಸರಿಹೋಯ್ತು ನೋಡು," ಎಂದರು ಅಪ್ಪ.